ನೀರು ತುಂಬಿದ ಗಣಿಯ ದಂಡೆಯಲ್ಲಿ

2009ನೆಯ ಇಸವಿ ಜುಲೈ 18, ಶನಿವಾರ. ಜರ್ಮನಿಯ ಸ್ಯಾಕ್ಸನಿ-ಆನ್‌ಹಾಲ್ಟ್ ಪ್ರಾಂತಕ್ಕೆ ಸೇರಿದ ನಾಖ್ಟರ್‌ಷ್ಟೆಟ್ ಎಂಬ ಹಳ್ಳಿ ಇನ್ನೂ ನಿದ್ರೆಯಿಂದ ಎಚ್ಚೆತ್ತಿರಲಿಲ್ಲ. ಹಳ್ಳಿಯ ಅಂಚಿನಲ್ಲಿ ಒಂದು ವಿಶಾಲವಾದ ಸರೋವರ. ಸರೋವರದ ದಂಡೆಯ ಮೇಲೆ ಸಾಲಾಗಿ ಮನೆಗಳು. ಮನೆಗಳ ಹಿಂದೆ ಹೂದೋಟಗಳು. ಬೆಳಗಿನ ಜಾವ ಐದು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ ಆ ದಂಡೆಯು ಸುಮಾರು 350 ಮೀಟರಿನಷ್ಟು ಉದ್ದಕ್ಕೆ ಕಳಚಿಕೊಂಡು ನೀರಿನೊಳಕ್ಕೆ ಜಾರಿಹೋಯಿತು. ಅದರ ಜೊತೆಯಲ್ಲಿ ಒಂದು ಮನೆ ಇಡಿಯಾಗಿ ಹೋಯಿತು. ನೆರೆಯ ಮನೆಯೊಂದು ಒಡೆದು ಅದರ ಒಂದು ಭಾಗ ಮಾತ್ರ ಬಾಯ್ದೆರೆದ ಕಮರಿಯ ಅಂಚಿನಲ್ಲಿ ಉಳಿಯಿತು. ಮಲಗಿದ್ದ ಮೂವರು ಕಣ್ಮರೆಯಾದರು. ಜಾರಿದ ಮಣ್ಣಿನ ಮೊತ್ತ ಸುಮಾರು 45 ಲಕ್ಷ ಘನ ಮೀಟರು. ಅದು ಎಬ್ಬಿಸಿದ ಅಲೆ ಎದುರು ದಡವನ್ನು ಮುಟ್ಟಿ, ಅಲ್ಲಿ ಕಟ್ಟಿದ್ದ ವಿಹಾರದ ದೋಣಿಯನ್ನು ನೆಲದ ಮೇಲಕ್ಕೆ ಎತ್ತಿ ಒಗೆಯಿತು.

ಭೂಕಂಪವಾಗಿರಲಿಲ್ಲ. ಪ್ರವಾಹ ಬಂದಿರಲಿಲ್ಲ. ಹಾಗಾದರೆ ನಿಂತ ನೆಲ ಏಕೆ ಹೊರಟುಹೋಯಿತು?

ಉತ್ತರವನ್ನು ಹುಡುಕಬೇಕಾದರೆ ಆ ಸರೋವರದ ಹುಟ್ಟನ್ನು ತಿಳಿಯಬೇಕು. ಕಾನ್ಕಾರ್ಡಿಯಾ ಎಂದು ಹೆಸರುಳ್ಳ ಆ ಜಲರಾಶಿ ಪ್ರಕೃತಿ ನಿರ್ಮಿಸಿದುದಲ್ಲ. ಅದು ನೀರು ತುಂಬಿದ ಒಂದು ಗಣಿ. ಆ ಪ್ರದೇಶದಲ್ಲಿ ನೂರು ವರ್ಷಗಳಿಗೂ ಮೇಲ್ಪಟ್ಟು ಕಂದು ಕಲ್ಲಿದ್ದಲನ್ನು, ಅಂದರೆ ಲಿಗ್ನೈಟನ್ನು ಅಗೆದು ತೆಗೆಯುತ್ತಿದ್ದರು. 1991ರಲ್ಲಿ ಅಗೆತ ನಿಂತಿತು. ಉಳಿದದ್ದು ಒಂದು ಅಗಾಧವಾದ ಕುಳಿ ಮತ್ತು ಅದರ ಸುತ್ತಲೂ ಮನುಷ್ಯನ ಕೈ ಸುರಿದ ಮಣ್ಣು.

ಲಿಗ್ನೈಟಿನ ಪದರ ನೆಲದ ಮೇಲ್ಮೈಯಲ್ಲಿ ಸಿಕ್ಕುವುದಿಲ್ಲ. ಅದರ ಮೇಲೆ ಹತ್ತಾರು ಮೀಟರು ದಪ್ಪದ ಮರಳು, ಜೇಡಿ, ಜಲ್ಲಿಗಳ ಹೊದಿಕೆಯಿರುತ್ತದೆ. ಗಣಿಗಾರರು ಮೊದಲು ಸುತ್ತಲೂ ಬಾವಿಗಳನ್ನು ಕೊರೆದು ಅಂತರ್ಜಲವನ್ನು ಹಗಲಿರುಳೂ ಪಂಪು ಮಾಡಿ ಕೆಳಗಿಳಿಸುತ್ತಾರೆ. ಇಲ್ಲದಿದ್ದರೆ ಕುಳಿಯು ಕೆರೆಯಾಗಿಬಿಡುತ್ತದೆ. ಆ ಬಳಿಕ ಮೇಲಿನ ಮಣ್ಣನ್ನು ಬೃಹತ್ ಯಂತ್ರಗಳಿಂದ ಕಿತ್ತು, ಇದ್ದಲನ್ನು ಆಗಲೇ ತೆಗೆದು ಮುಗಿಸಿದ ಹಿಂಬದಿಯ ಜಾಗಕ್ಕೆ ಸುರಿಯುತ್ತಾರೆ. ಪೂರ್ವ ಜರ್ಮನಿಯಲ್ಲಿ ಈ ಕೆಲಸಕ್ಕಾಗಿ ಕಟ್ಟಿದ ಸಾಗಣೆಯ ಸೇತುವೆಗಳಲ್ಲಿ ಒಂದರ ಉದ್ದ ಅರ್ಧ ಕಿಲೋಮೀಟರಿಗೂ ಮಿಗಿಲು. ಅದು ಕುಳಿಯ ಈ ಬದಿಯಲ್ಲಿ ಅಗೆದ ಮಣ್ಣನ್ನು ಆಕಾಶಮಾರ್ಗದಲ್ಲಿ ಸಾಗಿಸಿ ಆ ಬದಿಯಲ್ಲಿ ಎತ್ತರದಿಂದ ಸುರಿಯುತ್ತಿತ್ತು. ಹೀಗೆ ಸುರಿದ ಮಣ್ಣನ್ನು ಯಾರೂ ತುಳಿದು ಗಟ್ಟಿಮಾಡಲಿಲ್ಲ. ಅದು ಬಿದ್ದ ಹಾಗೆ ಸಡಿಲವಾಗಿಯೇ ಉಳಿಯಿತು. 1980ರ ದಶಕದಲ್ಲಿ ಆ ದೇಶ ವರ್ಷವೊಂದಕ್ಕೆ 30 ಕೋಟಿ ಟನ್ನಿಗೂ ಹೆಚ್ಚು ಲಿಗ್ನೈಟನ್ನು ತೆಗೆಯುತ್ತಿತ್ತು ಎಂದರೆ, ಸ್ಥಳಾಂತರಗೊಂಡ ಮಣ್ಣಿನ ಪ್ರಮಾಣವನ್ನು ಊಹಿಸಿಕೊಳ್ಳಬಹುದು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದವು. ಹಲವಾರು ಗಣಿಗಳು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಪಂಪುಗಳು ನಿಂತವು. ದಶಕಗಳ ಕಾಲ ದೂರವಿರಿಸಿದ್ದ ನೀರು ತನ್ನ ಹಳೆಯ ಮನೆಗೆ ಹಿಂದಿರುಗತೊಡಗಿತು. ಆದರೆ ಮನೆ ಮೊದಲಿನಂತಿರಲಿಲ್ಲ.

ಕಣದಲ್ಲಿ ತೂರಿದ ರಾಗಿಯನ್ನು ರಾಶಿ ಹಾಕುವುದನ್ನು ನೋಡದವರು ನಮ್ಮ ಹಳ್ಳಿಗಳಲ್ಲಿ ವಿರಳ. ಮೊರದಿಂದ ಸುರಿದಷ್ಟೂ ರಾಶಿ ಎತ್ತರವಾಗುತ್ತದೆ, ಅಗಲವೂ ಆಗುತ್ತದೆ. ಆದರೆ ಅದರ ಮಗ್ಗುಲಿನ ಓರೆ ಮಾತ್ರ ಬದಲಾಗುವುದಿಲ್ಲ. ಅದಕ್ಕಿಂತ ಕಡಿದಾಗಿಸಲು ಹೊರಟರೆ ಕಾಳುಗಳು ಉರುಳಿ ಹಳೆಯ ಓರೆಗೇ ಬಂದು ನಿಲ್ಲುತ್ತವೆ. ಒಣ ಮರಳಿಗೂ ಇಂಥದೊಂದು ನಿಲ್ಲುವ ಕೋನವಿದೆ. ಅದು ಸಾಮಾನ್ಯವಾಗಿ 30ರಿಂದ 35 ಡಿಗ್ರಿಗಳ ನಡುವೆ ಇರುತ್ತದೆ. ಕಾಳಿಗೂ ಕಾಳಿಗೂ ನಡುವಿನ ಘರ್ಷಣೆಯೇ ಇದಕ್ಕೆ ಕಾರಣ. ಮರಳು ತುಸು ತೇವವಾಗಿದ್ದರೆ ಇನ್ನೂ ಕಡಿದಾಗಿ ನಿಲ್ಲುತ್ತದೆ. ಹೊಳೆಯ ದಡದಲ್ಲಿ ಮಕ್ಕಳು ಗುಡಿ ಕಟ್ಟುವುದು ಈ ಗುಣದಿಂದಲೇ. ಕಣಗಳ ಸಂದಿನಲ್ಲಿರುವ ನೀರಿನ ತೆಳುವಾದ ಪೊರೆ ಅವನ್ನು ಒಂದಕ್ಕೊಂದು ಸೆಳೆದು ಹಿಡಿದಿರುತ್ತದೆ. ಆದರೆ ಅದೇ ಗುಡಿಯ ಬುಡಕ್ಕೆ ಒಂದು ಬೊಗಸೆ ನೀರು ಹೆಚ್ಚಾಗಿ ಹರಿಯಲಿ, ಗೋಡೆ ಕರಗಿ ಗಂಜಿಯಾಗುತ್ತದೆ. ತುಸು ನೀರು ಮರಳಿನ ಮಿತ್ರ, ತುಂಬು ನೀರು ಅದರ ಶತ್ರು. ಈ ವಿಚಿತ್ರವನ್ನು ಮಕ್ಕಳೆಲ್ಲರೂ ಬಲ್ಲರು. ಅದಕ್ಕೆ ಲೆಕ್ಕವನ್ನು ಕೊಟ್ಟವನು ಮಾತ್ರ ಬಹಳ ತಡವಾಗಿ ಬಂದನು.

ಅವನು ಕಾರ್ಲ್ ಟರ್ಜಾಗಿ. 1883ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಈ ಎಂಜಿನಿಯರು ಇಸ್ತಾಂಬುಲಿನಲ್ಲಿ ಅಧ್ಯಾಪಕನಾಗಿದ್ದಾಗ, ಕೈಗೆ ಸಿಕ್ಕಿದ ಸಾಮಾನುಗಳಿಂದಲೇ ಸಲಕರಣೆಗಳನ್ನು ಹೊಂದಿಸಿಕೊಂಡು ಮಣ್ಣಿನ ಮೇಲೆ ಪ್ರಯೋಗ ನಡೆಸಿದನು. 1925ರಲ್ಲಿ ಹೊರಬಂದ ಅವನ ಗ್ರಂಥ ಒಂದು ಹೊಸ ಶಾಸ್ತ್ರಕ್ಕೇ ತಳಹದಿಯಾಯಿತು. ಅವನು ಕಂಡುಕೊಂಡ ಸತ್ಯ ಸರಳವಾದುದು. ನೆಲದಡಿಯಲ್ಲಿ ಮೇಲಿನ ಭಾರವನ್ನು ಇಬ್ಬರು ಹೊರುತ್ತಾರೆ: ಒಂದು ಪಾಲನ್ನು ಕಣಗಳು, ಇನ್ನೊಂದು ಪಾಲನ್ನು ಕಣಗಳ ನಡುವಿನ ನೀರು. ಘರ್ಷಣೆ ಹುಟ್ಟುವುದು ಕಣಗಳು ಹೊತ್ತ ಪಾಲಿನಿಂದ ಮಾತ್ರ, ನೀರಿಗೆ ಘರ್ಷಣೆಯಿಲ್ಲ. ನೀರಿನ ಒತ್ತಡ ಏರಿದಷ್ಟೂ ಕಣಗಳ ಹಿಡಿತ ಸಡಿಲುತ್ತದೆ. ಹೊಳೆಯನ್ನು ದಾಟುವವನು ಮೊಣಕಾಲುದ್ದದ ನೀರಿನಲ್ಲಿ ಗಟ್ಟಿಯಾಗಿ ಹೆಜ್ಜೆಯಿಡುತ್ತಾನೆ. ನೀರು ಕೊರಳಿಗೆ ಬಂದಾಗ ಅವನ ಪಾದ ನೆಲವನ್ನು ಮುಟ್ಟಿದ್ದರೂ ಹಿಡಿಯಲಾರದು. ಮರಳಿನ ಕಣದ ಪಾಡೂ ಹಾಗೆಯೇ.

ಇಷ್ಟಾದರೂ ಎಲ್ಲ ಮರಳೂ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ. ಸೇರಿಗೆ ರಾಗಿಯನ್ನು ಮೆಲ್ಲನೆ ತುಂಬಿ, ಆಮೇಲೆ ಸೇರನ್ನು ನೆಲಕ್ಕೆ ಎರಡು ಸಾರಿ ಕುಟ್ಟಿದರೆ ಮಟ್ಟ ತಗ್ಗುತ್ತದೆ. ಅಳೆದು ಕೊಡುವವನಿಗೂ ಕೊಳ್ಳುವವನಿಗೂ ಜಗಳ ಹತ್ತುವುದು ಇಲ್ಲಿಯೇ. ಸಡಿಲವಾಗಿ ಬಿದ್ದ ಕಾಳುಗಳು ಅಲುಗಾಟಕ್ಕೆ ಸಿಕ್ಕೊಡನೆ ಒತ್ತಾಗಿ ಕೂಡಲು ಬಯಸುತ್ತವೆ. ಗಣಿಯ ಗುಡ್ಡೆಯ ಸಡಿಲ ಮರಳೂ ಹೀಗೆಯೇ ಒತ್ತಾಗಲು ಹವಣಿಸುತ್ತದೆ. ಆದರೆ ಸಂದುಗಳಲ್ಲೆಲ್ಲ ನೀರು ತುಂಬಿದ್ದರೆ, ಆ ನೀರು ಹೊರಗೆ ಹೋಗುವವರೆಗೆ ಕಣಗಳಿಗೆ ಜಾಗವಿಲ್ಲ. ಹೊರಗೆ ಹೋಗಲು ಕಾಲ ಬೇಕು, ಅಲುಗಾಟವೋ ಕ್ಷಣಮಾತ್ರದ್ದು. ಆದಕಾರಣ ಕಣಗಳು ಒಂದನ್ನೊಂದು ಬಿಟ್ಟು, ಮೇಲಿನ ಭಾರವೆಲ್ಲ ಒಮ್ಮೆಗೇ ನೀರಿನ ಮೇಲೆ ಬೀಳುತ್ತದೆ. ಘರ್ಷಣೆ ಶೂನ್ಯಕ್ಕೆ ಸಮೀಪಿಸುತ್ತದೆ. ಅರೆಗಳಿಗೆಯ ಹಿಂದೆ ಲಾರಿಯನ್ನು ಹೊತ್ತಿದ್ದ ನೆಲ ಈಗ ದ್ರವ. ಇದನ್ನೇ ದ್ರವೀಭವನ ಎನ್ನುತ್ತಾರೆ. ಒತ್ತಾಗಿ ಕುಳಿತ ಮರಳಿನ ನಡತೆ ಇದಕ್ಕೆ ವಿರುದ್ಧ. ಕಾರವಾರದ ಕಡಲ ತಡಿಯ ಒದ್ದೆ ಮರಳಿನ ಮೇಲೆ ಕಾಲಿಟ್ಟಾಗ ಪಾದದ ಸುತ್ತ ಮರಳು ಸರಕ್ಕನೆ ಒಣಗಿದಂತೆ ಬಿಳುಪೇರುತ್ತದೆ. ಒತ್ತಾದ ಕಣಗಳು ಒಂದರ ಮೇಲೊಂದು ಏರಿ ಸರಿಯಬೇಕಾದುದರಿಂದ ಸಂದುಗಳು ಹಿಗ್ಗಿ, ಮೇಲಿನ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತವೆ. ಮರಳು ಇನ್ನಷ್ಟು ಬಿಗಿಯಾಗುತ್ತದೆ. ಮರಳೂ ಒಂದೇ, ನೀರೂ ಒಂದೇ. ಸಡಿಲವೋ ಒತ್ತೋ ಎಂಬುದರಲ್ಲಿ ಜೀವ ಮರಣಗಳ ಅಂತರವಿದೆ.

ಪೂರ್ವ ಜರ್ಮನಿಯ ಲೌಸಿಟ್ಸ್ ಸೀಮೆಯಲ್ಲಿ ಈ ಸಡಿಲ ಮರಳಿನ ವಿಸ್ತಾರ ಹೇಳತೀರದು. ಅಲ್ಲಿಯ ಕಣಗಳು ನುಣುಪಾದವು, ಹೆಚ್ಚುಕಡಿಮೆ ಒಂದೇ ಗಾತ್ರದವು. ದ್ರವೀಭವನಕ್ಕೆ ಇದಕ್ಕಿಂತ ಅನುಕೂಲವಾದ ಮರಳು ಬೇರೆ ಬೇಕಿಲ್ಲ. 2010ರ ಅಕ್ಟೋಬರ್ 12ರಂದು ಷ್ಪ್ರೇಟಾಲ್ ಎಂಬಲ್ಲಿ ಗಿಡಮರಗಳಿಂದ ಕೂಡಿದ್ದ, ನೋಡುವವರಿಗೆ ಗಟ್ಟಿನೆಲವೆಂದೇ ತೋರುತ್ತಿದ್ದ ವಿಶಾಲ ಭೂಭಾಗವೊಂದು ಇದ್ದಕ್ಕಿದ್ದಂತೆ ಕುಸಿದು ಹರಿಯಿತು. ಮೇಯುತ್ತಿದ್ದ ಕುರಿಗಳು ಮುಳುಗಿದವು, ಲಾರಿಗಳು ಸಿಕ್ಕಿಬಿದ್ದವು, ಕೆಲಸಗಾರರು ಹೇಗೋ ಜೀವಸಹಿತ ಪಾರಾದರು. ಅದು ಮನುಷ್ಯ ಸುರಿದ ಹಳೆಯ ಗುಡ್ಡೆಯ ನೆಲವೆಂಬುದನ್ನು ಮೇಲೆ ಬೆಳೆದ ಹುಲ್ಲು ಮರೆಸಿತ್ತು. ಹೊಸ ನೆಲ ಕಾಲ ಕಳೆದಂತೆ ತಾನಾಗಿ ಗಟ್ಟಿಯಾಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಸೆನ್ಫ್‌ಟೆನ್‌ಬರ್ಗ್ ಸರೋವರಕ್ಕೆ ನೀರು ತುಂಬಿದ್ದು 1967ರಿಂದ 1972ರವರೆಗೆ. ಅದರ ನಡುವಿನ ಗುಡ್ಡೆಯ ದ್ವೀಪ 2018ರ ಸೆಪ್ಟೆಂಬರಿನಲ್ಲಿ ಜಾರಿತು; ಜನ ಈಜುತ್ತಿದ್ದ ಸರೋವರವನ್ನು ಕೆಲವು ಕಾಲ ಮುಚ್ಚಬೇಕಾಯಿತು. ನಲವತ್ತಾರು ವರ್ಷಗಳ ಮೌನವನ್ನು ಭದ್ರತೆಯೆಂದು ತಿಳಿಯುವುದು ಎಷ್ಟು ಸುಲಭ!

ಹೀಗಿರುವಾಗ ಒಂದು ಗುಡ್ಡೆ ನಿಲ್ಲುವುದೋ ಬೀಳುವುದೋ ಎಂಬುದನ್ನು ಮುಂದಾಗಿಯೇ ತಿಳಿಯುವ ಬಗೆ ಹೇಗೆ? ಎಂಜಿನಿಯರನು ಕೇಳುವ ಮೊದಲನೆಯ ಪ್ರಶ್ನೆ ಒಂದು ಭಾಗಾಕಾರದ ಲೆಕ್ಕ. ಮಣ್ಣನ್ನು ಕೆಳಕ್ಕೆಳೆಯುವ ಬಲ ಎಷ್ಟು? ಅದನ್ನು ತಡೆದು ಹಿಡಿಯಬಲ್ಲ ಬಲ ಎಷ್ಟು? ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಸುರಕ್ಷತಾ ಗುಣಾಂಕ. ಅದು 1ಕ್ಕಿಂತ ಕಡಿಮೆಯಾದರೆ ಗುಡ್ಡೆ ನಿಲ್ಲಲಾರದು. 1ಕ್ಕಿಂತ ಸಾಕಷ್ಟು ಮೇಲಿದ್ದರೆ ನೆಮ್ಮದಿ.

ಉದಾಹರಣೆಗೆ, 34 ಡಿಗ್ರಿ ಓರೆಯಲ್ಲಿ ನಿಲ್ಲಬಲ್ಲ ಒಣ ಮರಳನ್ನು 20 ಡಿಗ್ರಿ ಓರೆಯಲ್ಲಿ ಸುರಿಯಲಾಗಿದೆ ಎನ್ನೋಣ. 34 ಡಿಗ್ರಿಯ ಓರೆ 100 ಮೀಟರು ದೂರಕ್ಕೆ ಸುಮಾರು 67 ಮೀಟರು ಏರುತ್ತದೆ. 20 ಡಿಗ್ರಿಯದು ಸುಮಾರು 36 ಮೀಟರು. 67ನ್ನು 36ರಿಂದ ಭಾಗಿಸಿದರೆ 1.86. ಭಯವಿಲ್ಲ. ಈಗ ಅದೇ ಓರೆ ನಿಶ್ಚಲವಾದ ನೀರಿನೊಳಗೆ ಪೂರ್ತಿಯಾಗಿ ಮುಳುಗಿದೆ ಎಂದಿಟ್ಟುಕೊಳ್ಳೋಣ. ನೀರು ಕಣಗಳನ್ನು ಹಗುರಗೊಳಿಸುತ್ತದೆ. ಆದರೆ ಎಳೆಯುವ ಬಲವನ್ನೂ ಹಿಡಿಯುವ ಬಲವನ್ನೂ ಸಮನಾಗಿಯೇ ತಗ್ಗಿಸುವುದರಿಂದ ಗುಣಾಂಕ 1.86 ಆಗಿಯೇ ಉಳಿಯುತ್ತದೆ. ಅಪಾಯವಿರುವುದು ಮೂರನೆಯ ಸ್ಥಿತಿಯಲ್ಲಿ. ಗುಡ್ಡೆಯೊಳಗಿನ ಅಂತರ್ಜಲ ಎತ್ತರದಲ್ಲಿದ್ದು, ಸರೋವರದ ಮಟ್ಟ ಕೆಳಗಿದ್ದು, ನೀರು ಮಣ್ಣಿನೊಳಗಿಂದ ಓರೆಯ ಉದ್ದಕ್ಕೂ ಸೋರಿ ಹರಿಯುತ್ತಿದ್ದರೆ, ಎಳೆಯುವ ಬಲಕ್ಕೆ ನೀರಿನ ಭಾರವೂ ಸೇರುತ್ತದೆ, ಹಿಡಿಯುವ ಬಲ ಮಾತ್ರ ಹಗುರಾದ ಕಣಗಳದೇ. ನೀರು ತುಂಬಿದ ಮರಳಿನ ತೂಕ ನೀರಿನ ತೂಕದ ಸುಮಾರು ಎರಡರಷ್ಟಿರುವುದರಿಂದ, ಗುಣಾಂಕ ಹತ್ತಿರಹತ್ತಿರ ಅರ್ಧಕ್ಕೆ ಇಳಿದು 0.93 ಆಗುತ್ತದೆ. ಓರೆ ಬದಲಾಗಿಲ್ಲ, ಮರಳು ಬದಲಾಗಿಲ್ಲ. ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದಷ್ಟೇ ಬದಲಾಗಿದೆ.

ಈ ಅರಿವಿನಿಂದಲೇ ಜರ್ಮನಿಯ ಎಂಜಿನಿಯರರು ಒಂದು ಯುಕ್ತಿಯನ್ನು ಅನುಸರಿಸಿದರು. ಕುಳಿಯು ಅಂತರ್ಜಲದಿಂದ ತಾನಾಗಿಯೇ ತುಂಬಲಿ ಎಂದು ಬಿಟ್ಟರೆ ನೀರು ಸದಾ ದಂಡೆಯಿಂದ ಕುಳಿಯ ಕಡೆಗೆ ಸೋರುತ್ತಿರುತ್ತದೆ. ಅದರ ಬದಲಿಗೆ ಷ್ಪ್ರೇ, ನೈಸೆ ಮೊದಲಾದ ನದಿಗಳ ನೀರನ್ನು ತಿರುಗಿಸಿ ಕುಳಿಯನ್ನು ಬೇಗ ತುಂಬಿದರೆ, ಸರೋವರದ ಮಟ್ಟ ಅಂತರ್ಜಲದ ಮಟ್ಟಕ್ಕಿಂತ ಮೇಲಿದ್ದು, ನೀರು ಹೊರಮುಖವಾಗಿ ದಂಡೆಯನ್ನು ಒತ್ತಿ ಹಿಡಿಯುತ್ತದೆ. ಕುಸಿತಕ್ಕೆ ಕಾರಣವಾಗಬಲ್ಲ ನೀರನ್ನೇ ಕಾವಲಿಗೆ ನಿಲ್ಲಿಸಿದ ಉಪಾಯವಿದು.

ಸುರಿದ ಗುಡ್ಡೆ ಪುಸ್ತಕದ ಲೆಕ್ಕದಂತೆ ಒಂದೇ ಸಮನಾಗಿ ಇರುವುದಿಲ್ಲವಷ್ಟೆ. ಆಳದಲ್ಲಿ ಕುಸಿತ ಬಾಗಿದ ಮೇಲ್ಮೈಯುದ್ದಕ್ಕೂ ನಡೆಯುವುದುಂಟು. 1916ರಲ್ಲಿ ಸ್ವೀಡನ್ನಿನ ಗೋಟೆಬೊರ್ಗ್ ಬಂದರಿನ ಕಟ್ಟೆಯೊಂದು ಕುಸಿದಾಗ ಅಲ್ಲಿಯ ಎಂಜಿನಿಯರರು ಜಾರಿದ ಭಾಗ ವೃತ್ತದ ಕಂಸದಂತಿರುವುದನ್ನು ಗಮನಿಸಿದರು. ಆ ಕಂಸದ ಮೇಲಿನ ಮಣ್ಣನ್ನು ಲಂಬವಾದ ಹೋಳುಗಳಾಗಿ ಕಲ್ಪಿಸಿಕೊಂಡು, ಒಂದೊಂದು ಹೋಳಿನ ಬಲವನ್ನೂ ಲೆಕ್ಕಹಾಕಿ ಕೂಡುವ ವಿಧಾನ ಹುಟ್ಟಿಕೊಂಡಿತು. 1955ರಲ್ಲಿ ಇಂಗ್ಲೆಂಡಿನ ಬಿಷಪ್ ಎಂಬ ವಿದ್ವಾಂಸನು ಅದನ್ನು ತಿದ್ದಿ ಉತ್ತಮಪಡಿಸಿದನು. ಇಂದು ಗಣಕಯಂತ್ರ ಸಾವಿರಾರು ಕಂಸಗಳನ್ನು ನಿಮಿಷಗಳಲ್ಲಿ ಪರೀಕ್ಷಿಸಿ, ಎಲ್ಲಕ್ಕಿಂತ ದುರ್ಬಲವಾದುದನ್ನು ಹುಡುಕಿಕೊಡುತ್ತದೆ. ಆದರೆ ಯಂತ್ರಕ್ಕೆ ಕೊಡುವ ಸಂಖ್ಯೆ ನೆಲದಿಂದಲೇ ಬರಬೇಕು. ತುದಿ ಚೂಪಾದ ಉಕ್ಕಿನ ಶಂಕುವನ್ನು ಮಣ್ಣಿನೊಳಕ್ಕೆ ಒತ್ತಿ, ಅಡಿಯಡಿಗೂ ಎದುರಾಗುವ ತಡೆಯನ್ನು ಅಳೆಯುತ್ತಾರೆ. ತಡೆ ಕಡಿಮೆಯಾದ ಕಡೆ ಮರಳು ಸಡಿಲ. ಕೊಳವೆಗಳನ್ನು ಇಳಿಸಿ ಬೇರೆ ಬೇರೆ ಆಳಗಳಲ್ಲಿ ನೀರಿನ ಒತ್ತಡವನ್ನು ನೋಡುತ್ತಾರೆ. ಸಡಿಲ ಮರಳು ಸಿಕ್ಕಿದ ಕಡೆ ದಂಡೆಯ ಉದ್ದಕ್ಕೂ ಕಂಪಿಸುವ ದಂಡವನ್ನು ಆಳಕ್ಕಿಳಿಸಿ, ಇಲ್ಲವೇ ನೆಲದೊಳಗೆ ಸಣ್ಣ ಸಣ್ಣ ಸಿಡಿತಗಳನ್ನು ನಡೆಸಿ, ಮರಳನ್ನು ಒತ್ತುಗೊಳಿಸುತ್ತಾರೆ. ಸೇರನ್ನು ಕುಟ್ಟುವ ಕೆಲಸವೇ ಇದು, ಕುಟ್ಟುವುದು ಹತ್ತಾರು ಮೀಟರು ಆಳದಲ್ಲಿ ಎಂಬುದಷ್ಟೇ ವ್ಯತ್ಯಾಸ. ಹೀಗೆ ಗಟ್ಟಿಯಾದ ಪಟ್ಟಿ ನೆಲದೊಳಗಿನ ಅಡಗಿದ ಒಡ್ಡಾಗಿ, ಹಿಂದಿನ ಸಡಿಲ ಮಣ್ಣನ್ನು ತಡೆದು ನಿಲ್ಲುತ್ತದೆ. 1945ರಲ್ಲಿ ಯುದ್ಧದ ಕೊನೆಗೆ ತಾನಾಗಿ ನೀರು ತುಂಬಿಕೊಂಡ ಕ್ನಾಪೆನ್ ಸರೋವರದಲ್ಲಿ ಜನ ದಶಕಗಳ ಕಾಲ ಈಜಿದ್ದರು. ಈ ಕೆಲಸಕ್ಕಾಗಿ 2014ರಲ್ಲಿ ಅದನ್ನು ಜನರಿಗೆ ಮುಚ್ಚಲಾಯಿತು.

ಎಲ್ಲ ದೇಶಗಳಲ್ಲಿಯೂ ಇಷ್ಟು ಎಚ್ಚರವಿರಲಿಲ್ಲ. ವೇಲ್ಸಿನ ಅಬರ್‌ಫಾನ್ ಎಂಬ ಊರಿನ ಮೇಲಿನ ಬೆಟ್ಟದಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಏಳನೆಯ ಗುಡ್ಡೆಯನ್ನು 1958ರಿಂದ ಸುರಿಯತೊಡಗಿದರು. ಗುಡ್ಡೆಯ ಬುಡದಲ್ಲಿ ನೀರಿನ ಬುಗ್ಗೆಯಿತ್ತು. ಅದು ಗುಟ್ಟೇನೂ ಆಗಿರಲಿಲ್ಲ. ಸರ್ಕಾರಿ ಭೂಪಟಗಳಲ್ಲಿಯೇ ಗುರುತಾಗಿತ್ತು. ಅಪಾಯವಿದೆಯೆಂದು 1963ರಲ್ಲಿಯೇ ಸ್ಥಳೀಯ ಆಡಳಿತದ ಎಂಜಿನಿಯರರು ಪತ್ರ ಬರೆದಿದ್ದರು. 1966ರ ಅಕ್ಟೋಬರ್ 21ರಂದು, ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ, ಮಕ್ಕಳು ತರಗತಿಗಳಲ್ಲಿ ಕುಳಿತ ಹೊತ್ತಿಗೆ, ಗುಡ್ಡೆ ದ್ರವವಾಗಿ ಹರಿದು ಪ್ಯಾಂಟ್‌ಗ್ಲಾಸ್ ಶಾಲೆಯನ್ನು ಮುಚ್ಚಿತು. ಸತ್ತವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು. ಗುಡ್ಡೆಗಳ ಸುರಕ್ಷತೆಗೆಂದೇ ಬ್ರಿಟನ್ನಿನಲ್ಲಿ ಪ್ರತ್ಯೇಕ ಕಾಯಿದೆ ಬಂದದ್ದು 1969ರಲ್ಲಿ. ಭೂಪಟವನ್ನು ಬಿಡಿಸಿ ನೋಡಲು ಯಾವ ಯಂತ್ರವೂ ಬೇಕಿರಲಿಲ್ಲ.

ನಮ್ಮ ದೇಶದ ಕಲ್ಲಿದ್ದಲು ಗಣಿ ನಿಯಮಗಳು ಗುಡ್ಡೆಯ ಓರೆ ಯಾವ ಕಾರಣಕ್ಕೂ 37.5 ಡಿಗ್ರಿಯನ್ನು ಮೀರಬಾರದೆಂದು ವಿಧಿಸಿವೆ. ಆದರೂ 2016ರ ಡಿಸೆಂಬರ್ 29ರಂದು ಜಾರ್ಖಂಡಿನ ಗೊಡ್ಡಾ ಜಿಲ್ಲೆಯ ರಾಜಮಹಲ್ ತೆರೆದ ಗಣಿಯಲ್ಲಿ ಮಣ್ಣಿನ ರಾಶಿ ಕುಸಿದು 23 ಮಂದಿ ಕೆಲಸಗಾರರು ಮಡಿದರು. ಮ್ಯಾನ್ಮಾರಿನ ಹ್‌ಪಕಾಂತ್ ಪ್ರದೇಶದ ಹಸಿರುಕಲ್ಲಿನ ಗಣಿಯಲ್ಲಿ 2020ರ ಜುಲೈ 2ರಂದು, ಮುಂಗಾರು ಮಳೆಯ ನಡುವೆ, ಕುಳಿಯ ಅಂಚು ಕೆಳಗಿನ ನೀರಿಗೆ ಕುಸಿಯಿತು. ಎದ್ದ ಕೆಸರಿನ ಅಲೆಗೆ 170ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಬಹುಮಂದಿ ಕಂಪನಿಗಳು ಬಿಸಾಡಿದ ಮಣ್ಣಿನಲ್ಲಿ ಅಳಿದುಳಿದ ಹರಳನ್ನು ಆಯ್ದು ಹೊಟ್ಟೆ ಹೊರೆಯುವ ಬಡವರು.

ಮತ್ತೆ ನಾಖ್ಟರ್‌ಷ್ಟೆಟ್ಟಿಗೆ ಬರೋಣ. ಅಲ್ಲಿಯ ಕುಸಿತದ ಕಾರಣವನ್ನು ಹುಡುಕಲು ತಜ್ಞರಿಗೆ ಸುಮಾರು ನಾಲ್ಕು ವರ್ಷಗಳು ಹಿಡಿದವು. ಕಣ್ಣಿಗೆ ಕಾಣುವ ಸರೋವರದ ನೀರಿಗಿಂತ, ಕಾಣದ ಇನ್ನೊಂದು ನೀರೇ ಮುಖ್ಯ ಕಾರಣವೆಂಬ ನಿರ್ಣಯಕ್ಕೆ ಅವರು ಬಂದರು. ಇದ್ದಲಿನ ಪದರದ ಕೆಳಗೆ, ನೀರನ್ನು ಬಿಡದ ಪದರಗಳ ನಡುವೆ ಸೆರೆಸಿಕ್ಕಿದ ಅಂತರ್ಜಲ ಬಲವಾದ ಒತ್ತಡದಿಂದ ಮೇಲ್ಮುಖವಾಗಿ ನೂಕುತ್ತಿತ್ತು. ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಗಣಿಯ ತಳದಲ್ಲಿಯೂ ಇಂಥದೇ ಒತ್ತಡದ ನೀರಿದೆ. ಅದನ್ನು ಎಡೆಬಿಡದೆ ಪಂಪು ಮಾಡಿದರೆ ಮಾತ್ರ ಅಲ್ಲಿ ಇದ್ದಲನ್ನು ತೆಗೆಯಲು ಸಾಧ್ಯ. ನಾಖ್ಟರ್‌ಷ್ಟೆಟ್ಟಿನಲ್ಲಿ ಆ ಒತ್ತಡ ಬುಡವನ್ನು ಎತ್ತಿ ಸಡಿಲಿಸಿತು. ಬುಡ ಸರಿದೊಡನೆ ಮೇಲಿನ ಸಡಿಲ ಮರಳು ದ್ರವವಾಯಿತು. ದಂಡೆಯ ಓರೆಯನ್ನೂ ಸರೋವರದ ಮಟ್ಟವನ್ನೂ ಎಷ್ಟು ಶ್ರದ್ಧೆಯಿಂದ ಅಳೆದರೂ, ಆಳದ ಆ ಪದರಕ್ಕೆ ಕೊಳವೆಯನ್ನು ಇಳಿಸದಿದ್ದರೆ ಲೆಕ್ಕ ಪೂರ್ತಿಯಾಗುತ್ತಿರಲಿಲ್ಲ.

ದುರ್ಘಟನೆಯಾದ ಮೇಲೆ ಸರೋವರವನ್ನು ತುಂಬುವ ಕೆಲಸವನ್ನು ನಿಲ್ಲಿಸಲಾಯಿತು. ದಂಡೆಯ ಮನೆಗಳ ಸುಮಾರು ನಲವತ್ತು ಮಂದಿ ನಿವಾಸಿಗಳು ಅಂದೇ ಮನೆಗಳನ್ನು ಬಿಟ್ಟರು. ಮತ್ತೆ ಅಲ್ಲಿ ವಾಸಿಸಲು ಯಾರಿಗೂ ಅನುಮತಿ ಸಿಕ್ಕಲಿಲ್ಲ. ಉಳಿದ ಮನೆಗಳನ್ನು ಆಮೇಲೆ ಕೆಡವಿದರು. ಹತ್ತು ವರ್ಷಗಳ ತರುವಾಯ, 2019ರ ಬೇಸಗೆಯಲ್ಲಿ, ಸರೋವರದ ಒಂದು ಭಾಗವನ್ನು ಜನರಿಗೆ ಮತ್ತೆ ತೆರೆಯಲಾಯಿತು. ಅಂದು ಬೆಳಗಿನ ಜಾವ ಮನೆಯೊಡನೆ ಜಾರಿಹೋದ ಮೂವರ ದೇಹಗಳು ದೊರೆಯಲೇ ಇಲ್ಲ.